ಬೋರ್ಡಿನ ಕೆಳಗಿನ ಸಾಲು

ತರೀಕೆರೆಯ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಮುಬಶೀರನ ಕಂಪ್ಯೂಟರ್ ಕ್ಲಾಸು. ಹೊರಗೆ ಏಣಿಯ ಮೇಲೆ ಪೇಂಟರ್ ಚೌಡಪ್ಪ ಕುಂಚ ಹಿಡಿದು ನಿಂತಿದ್ದ. ಹೊಸ ಬೋರ್ಡಿನಲ್ಲಿ ‘ಪೈಥಾನ್ ಕಲಿಯಿರಿ’ ಎಂದು ಬರೆದಾಗಿತ್ತು. ಆ ಕಂಪ್ಯೂಟರ್ ಭಾಷೆಯನ್ನು ಯಾಕೆ ಕಲಿಯಬೇಕೆಂಬ ಒಂದು ಸಾಲು ಅದರ ಕೆಳಗೆ ಬರಬೇಕು. ಪಾಠ ಹೇಳುವ ವಿದ್ಯಾಶ್ರೀಗೆ ಆ ಸಾಲೇ ಹೊಳೆಯುತ್ತಿಲ್ಲ.

“ಸಂಜೆಯೊಳಗೆ ಹೇಳ್ರೀ ಮೇಡಂ. ಇಲ್ಲಾಂದ್ರೆ ಪೈಥಾನ್ ಅಳಿಸಿ ಜಾವಾ ಅಂತ ಬರೆಸ್ತೀನಿ. ಅದಕ್ಕೆ ಜನ ತಾವಾಗೇ ಬತ್ತಾರೆ,” ಎಂದ ಮುಬಶೀರ್. ಹಾಗಾದರೆ ಅವಳು ಹಟ ಹಿಡಿದು ಒಪ್ಪಿಸಿದ ತರಗತಿ ಶುರುವಾಗುವ ಮೊದಲೇ ಮುಗಿದಂತೆ.

“ಸುಲಭ ಅಂತ ಬರೀರಿ,” ಎಂದಳು ವಿದ್ಯಾಶ್ರೀ.

“ಕೆಳಗಡೆ ಟೈಲರಿಂಗ್ ಕ್ಲಾಸ್ನೋರೂ ಅದನ್ನೇ ಬರೆಸವ್ರೆ ಮೇಡಮ್ಮೋರೇ,” ಎಂದ ಚೌಡಪ್ಪ.

“ಸುಂದರ?”

“ಅದು ಬ್ಯೂಟಿ ಪಾರ್ಲರ್‌ದು. ಅದನ್ನೂ ನಾನೇ ಬರೆದಿದ್ದು.”

ಒಳಗೆ ಗೊತ್ತಿದ್ದದ್ದನ್ನು ಒಂದು ಸಾಲಾಗಿ ಹೇಳಲಾಗದ್ದಕ್ಕೆ ವಿದ್ಯಾಶ್ರೀಗೆ ತನ್ನ ಮೇಲೇ ಸಿಟ್ಟು ಬಂತು. ತನ್ನೂರು ಬುಕ್ಕಾಂಬುಧಿಯಲ್ಲಿ ಶ್ರಾವಣ ಪೂರ್ತಿ ಅಜ್ಜ ತಮ್ಮಯ್ಯ ಕಾವ್ಯ ಓದುವಾಗ ಕಂಬಕ್ಕೊರಗಿ ಕೇಳುತ್ತ ಬೆಳೆದವಳು ಅವಳು. ಅಜ್ಜ ಉಸಿರು ನಿಲ್ಲಿಸಿದ ಕಡೆ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಪೈಥಾನ್ ಭಾಷೆಯಲ್ಲೂ ಸಾಲಿನ ಆರಂಭದಲ್ಲಿ ಬಿಟ್ಟ ಖಾಲಿ ಜಾಗವೇ ಯಾವುದು ಯಾವುದಕ್ಕೆ ಸೇರಿದ್ದೆಂದು ಹೇಳುತ್ತದೆ. ಇದನ್ನು ವಿವರಿಸಹೋದರೆ ಮುಬಶೀರ್ ಆಕಳಿಸಿದ.

“ಬನ್ನಿ, ಓದೇ ತೋರಿಸ್ತೀನಿ.”

ಒಳಗೆ ಕೂರಿಸಿ, ಪರದೆಯ ಮೇಲಿನ ಪ್ರೋಗ್ರಾಮನ್ನು ನಿಲ್ಲಿಸಿ ನಿಲ್ಲಿಸಿ ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ಅಜ್ಜನ ರಾಗವೇ ಹತ್ತಿಕೊಂಡಿತು. ಕೊನೆಗೆ ಅಭ್ಯಾಸಬಲದಿಂದ ಕೈಯನ್ನೂ ಜೋಡಿಸಿಬಿಟ್ಟಳು.

“ಮಂಗಳಾರತಿ ತಟ್ಟೆ ಎಲ್ಲಿ ಮೇಡಂ?” ಮುಬಶೀರ್ ಬಿದ್ದು ಬಿದ್ದು ನಕ್ಕ. “ಕಲಿತ್ರೆ ಏನ್ ಸಿಗುತ್ತೆ ಅನ್ನೋರಿಗೆ ಹಿಂಗೆ ಹಾಡ್ತೀರಾ?”

ವಿದ್ಯಾಶ್ರೀ ಮುಖ ಕೆಂಪಾಗಿ ಹೊರಬಂದರೆ, ಬೋರ್ಡಿನ ಮೇಲೆ ‘ಕೆಲಸ ಗ್ಯಾರಂಟಿ’ ಎಂಬ ಹಸಿ ಅಕ್ಷರ ಹೊಳೆಯುತ್ತಿತ್ತು.

“ಎಷ್ಟೊತ್ತು ಅಂತ ಏಣಿ ಮೇಲೆ ನಿಂತ್ಕಳ್ಳಿ? ಎಲ್ಲಾರೂ ಇದನ್ನೇ ಬರೆಸೋದು ಕಣ್ರೀ,” ಎಂದ ಚೌಡಪ್ಪ.

“ಅಳಿಸಪ್ಪಾ. ಗ್ಯಾರಂಟಿ ಯಾರು ಕೊಡೋರು, ನೀನಾ? ಬೇಕಾದ್ರೆ ಜಾವಾನೇ ಬರ್ಕೋ, ಸುಳ್ಳು ಮಾತ್ರ ಬೇಡ.”

ಚೌಡಪ್ಪ ಅವಳ ಹಿಂದೆಯೇ ಬಂದಿದ್ದ ಮುಬಶೀರನ ಕಡೆ ನೋಡಿದ. ಮುಬಶೀರನ ನಗು ನಿಂತಿತ್ತು. “ಅಳಿಸ್ಬಿಡೋ. ನಾಳೆ ಹುಡುಗ್ರು ಬಂದು ನನ್ ಕಾಲರ್ ಹಿಡೀತಾರೆ. ಪೈಥಾನ್ ಇರ್ಲಿ, ಇದೊಂದು ಬ್ಯಾಚ್ ನೋಡಾಣ. ಯಾರೂ ಬರ್ದಿದ್ರೆ ಜಾವಾನೇ, ಆಮೇಲೆ ಮಾತಿಲ್ಲ.”

ಚೌಡಪ್ಪ ಗೊಣಗುತ್ತ ಬಟ್ಟೆಯಿಂದ ಉಜ್ಜಿದ. “ಈಗ ಕೆಳಗೇನು ಬರೀಲಿ?”

ವಿದ್ಯಾಶ್ರೀ ಉಜ್ಜಿ ಖಾಲಿಯಾದ ಜಾಗವನ್ನು ನೋಡಿದಳು.

“ನನ್ ಫೋನ್ ನಂಬರ್ ಬರೀ,” ಎಂದು ರೇಗಿದಳು. “ಕೇಳಿದೋರಿಗೆ ಓದಿ ಹೇಳ್ತೀನಿ.”