ರೋಸಲಿನ್‌ಳ ವಿಮೆ

"ಪಾಲಿಸಿ ಇನ್ನೂ ಅವಳ ಕೈಯಲ್ಲೇ ಇದೆ ಕಣೋ ಲಾಯ್ಡ್. ನಾಮಿನಿ ಬದಲಾಯಿಸೋಕೆ ಒಂದು ಸಹಿ ಸಾಕು," ಎಂದು ಅಕ್ಕ ಬರ್ನೀಸ್ ಅಡುಗೆಮನೆಯಲ್ಲಿ ದನಿ ತಗ್ಗಿಸಿದಳು. "ಹೆಣ ತಣ್ಣಗಿಡೋರಿಗೆ ಅಷ್ಟು ದುಡ್ಡಾ? ಚರ್ಚಿನ ಪಕ್ಕ ಇಬ್ಬರಿಗೂ ಅಂತ ಸಮಾಧಿಗೆ ಜಾಗ ತಗೊಂಡಿದ್ದೀಯಲ್ಲ, ಅಲ್ಲಿ ಒಬ್ಬನೇ ಮಲಗ್ತೀಯಾ?"

ಲಾಯ್ಡ್ ಸೂಪಿನ ಬಟ್ಟಲು ಹಿಡಿದು, ವಾಸಿಯಾಗದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಹೆಂಡತಿಯ ಕೋಣೆಗೆ ಹೋದ.

ರೋಸಲಿನ್ ಮೇಸಾ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ನಲವತ್ತರ ವಯಸ್ಸಿನಲ್ಲಿ ಜೀವವಿಮೆ ಮಾಡಿಸಿ, ಆ ಹಣ ಒಂದು ಸಂಸ್ಥೆಗೆ ಸೇರುವಂತೆ ಬರೆಸಿದ್ದಳು. ಸತ್ತ ಕೂಡಲೇ ಅವರು ಅವಳ ದೇಹವನ್ನು ಕೊರೆಯುವ ಶೀತದಲ್ಲಿಟ್ಟು, ವೈದ್ಯರು ಎಬ್ಬಿಸಬಲ್ಲ ಕಾಲ ಬಂದೀತೆಂದು ಕಾಯಬೇಕು. ಕಾರಿನ ಸವೆದ ಟೈರು ಬದಲಿಸಲು ದುಡ್ಡಿಲ್ಲದ ವರ್ಷವೂ ಅವಳು ಕಂತು ತಪ್ಪಿಸಲಿಲ್ಲ. ಸಹೋದ್ಯೋಗಿಗಳು 'ಐಸ್‌ಕ್ರೀಂ ಟೀಚರ್' ಎಂದು ಛೇಡಿಸಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

"ನಿಮ್ಮಕ್ಕನ ಪಿಸುಮಾತು ಪಕ್ಕದ ಬೀದಿಗೂ ಕೇಳತ್ತೆ," ಎಂದಳು ರೋಸಲಿನ್. ಆಮೇಲೆ ಅವನ ಕೈ ಹಿಡಿದುಕೊಂಡಳು. "ನಿಂಗೆ ಬೇಕಿದ್ರೆ ಇವತ್ತೇ ಬದಲಾಯಿಸ್ತೀನಿ. ತಮಾಷೆ ಅಲ್ಲ."

ಅವನು ಹೂಂ ಅಂದರೆ ಅವಳು ಹಾಗೇ ಮಾಡುತ್ತಾಳೆಂದು ಲಾಯ್ಡನಿಗೆ ಗೊತ್ತಿತ್ತು. "ಭಯ ಆಗಲ್ವಾ? ಎಚ್ಚರ ಆದಾಗ ಗುರುತಿನವರು ಒಬ್ಬರೂ ಇರಲ್ಲ."

"ಆಗತ್ತೆ. ಎಬ್ಬಿಸದೇನೂ ಹೋಗಬಹುದು. ಆದ್ರೂ ಆವಾಗ ಯಾವ ನದಿ ಎಲ್ಲಿ ಹರೀತಿರತ್ತೆ ಅಂತ ನೋಡೋ ಆಸೆ ಕಣೋ."

"ನಾನು ಸ್ವರ್ಗದಲ್ಲಿ ಕಾಯ್ತಿರ್ತೀನಲ್ಲ."

"ಸ್ವಲ್ಪ ಲೇಟಾಗತ್ತೆ. ಹೊರಡೋಕೆ ನಾನು ಯಾವತ್ತು ಟೈಮಿಗೆ ರೆಡಿಯಾಗಿದ್ದೀನಿ ಹೇಳು?"

ಲಾಯ್ಡನಿಗೆ ನಗು ಬಂತು. ಅದರ ಹಿಂದೆಯೇ ಕಣ್ಣು ತುಂಬಿತು. ಮೂವತ್ತು ವರ್ಷ ಜೊತೆಗಿದ್ದರೂ ಈ ಧೈರ್ಯದ ಅಳತೆ ತನಗೆ ಸಿಕ್ಕಿರಲಿಲ್ಲ ಅನ್ನಿಸಿತು.

"ಏನೂ ಬದಲಾಯಿಸ್ಬೇಡ," ಎಂದ. "ಸೂಪು ಆರತ್ತೆ, ಕುಡಿ."

ಗುರುವಾರ ಮಧ್ಯಾಹ್ನ ಅವಳು ತೀರಿಕೊಂಡಳು. ನರ್ಸ್ ಸಾವನ್ನು ಖಚಿತಪಡಿಸಿದ್ದೇ ತಡ, ಹೊರಕೋಣೆಯಲ್ಲಿ ಕಾದಿದ್ದ ಸಂಸ್ಥೆಯವರು ಐಸ್ ತುಂಬಿದ ತೊಟ್ಟಿಯೊಡನೆ ಒಳಬಂದು ಅವಳನ್ನು ಅದರಲ್ಲಿ ಮಲಗಿಸಿದರು. ನೀವು ಹೊರಗಿರಿ ಎಂದರೂ ಲಾಯ್ಡ್ ಕೇಳಲಿಲ್ಲ. ಬೊಗಸೆ ಬೊಗಸೆಯಾಗಿ ಐಸ್ ಎತ್ತಿ ಅವಳ ತಲೆಯ ಸುತ್ತ, ಕತ್ತಿನ ಸಂದಿಯಲ್ಲಿ ತುಂಬಿದ. ಬೆರಳು ಮರಗಟ್ಟಿದರೂ ನಿಲ್ಲಿಸಲಿಲ್ಲ. ತೊಟ್ಟಿ ಹೊರಡುವಾಗ ಬರ್ನೀಸ್ ಬಂದು ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದಳು.

ವ್ಯಾನು ತಿರುವಿನಲ್ಲಿ ಮರೆಯಾಯಿತು. ಬಾಗಿಲಿನಿಂದ ರಸ್ತೆಯವರೆಗೆ ತೊಟ್ಟಿಯಿಂದ ಸೋರಿದ ನೀರಿನ ಹನಿಗಳ ಸಾಲು ಬಿದ್ದಿತ್ತು. ಉರಿಬಿಸಿಲಿಗೆ ಅದು ಒಂದು ತುದಿಯಿಂದ ಆರುತ್ತ ಬರುತ್ತಿತ್ತು. ಲಾಯ್ಡ್ ಅದನ್ನು ತುಳಿಯದೆ ಪಕ್ಕದಲ್ಲೇ ನಿಂತಿದ್ದ.