ಮೇಲ್ದನಿ

ಕೂರಿಸಿದ ಶವದ ಕುತ್ತಿಗೆ ಮತ್ತೆ ಮತ್ತೆ ಎಡಕ್ಕೇ ವಾಲುತ್ತಿತ್ತು. ಶಂಕರ ವಿಭೂತಿ ಹಚ್ಚುವುದನ್ನು ಬಿಟ್ಟು, ರುದ್ರಪ್ಪನ ಹಣೆಗೆ ಬಟ್ಟೆ ಸುತ್ತಿ ಬೆನ್ನ ಹಿಂದಿನ ಹಲಗೆಗೆ ಬಿಗಿದ.

"ಇನ್ನೂ ಸ್ವಲ್ಪ ಮೇಲಕ್ಕೆ ಮಾರಾಯ. ಮೇಲ್ದನಿಯವ್ನು, ತಲೆ ತಗ್ಗಿಸ್ಕೊಂಡು ಹೋಗ್ಬಾರ್ದು," ಎಂದ ತಾಳದ ಮೋಹಿತ್.

"ಇದ್ದಾಗ ತಗ್ಗಿಸಿದ್ದೇ ಜಾಸ್ತಿ," ಎಂದಳು ರುದ್ರಪ್ಪನ ಹೆಂಡತಿ ವಿಶಾಲಾಕ್ಷಿ.

ಬಾಳೂರಿನ ಆ ಎಸ್ಟೇಟಿನ ಭಜನಾ ಮೇಳದಲ್ಲಿ ಗಂಡಸರೆಲ್ಲರ ದನಿ ಒಂದಾದ ಮೇಲೆ, ಅದರ ನೆತ್ತಿಯಿಂದ ಒಂಟಿಯಾಗಿ ಏರುವ ಸಾಲು ರುದ್ರಪ್ಪನದು. ಹಾಡಿಲ್ಲದ ದಿನಗಳಲ್ಲಿ ಅವನೂ ಶಂಕರನೂ ಕಾಫಿ ಗಿಡಗಳಿಗೆ ಕೀಟದ ಔಷಧಿ ಹೊಡೆಯುತ್ತಿದ್ದರು.

ಜೀಪಿನಿಂದಿಳಿದ ಎಸ್ಟೇಟಿನ ಸಾಹುಕಾರ ಪ್ರಸನ್ನಕುಮಾರ್ ಹಾರ ಹಾಕಿ, ಶಂಕರನ ಹೆಗಲು ಮುಟ್ಟಿದರು. "ಇವತ್ತು ಮೇಲ್ದನಿ ನಿಂದು. ಶಿವರಾತ್ರಿ ಸ್ಪರ್ಧೆಗೂ ನೀನೇ."

ಶಂಕರ ಕೆಮ್ಮು ನುಂಗಿದ. "ಹಂಗಾದ್ರೆ ಔಷಧಿ ಕೆಲಸದಿಂದ ಬಿಡ್ಸಿ ಸಾಹುಕಾರ್ರೆ."

"ಹೆಣದ ಮುಂದೆ ಆ ಮಾತ್ಯಾಕೆ? ಆಮೇಲೆ ನೋಡೋಣ."

"ಇವ್ರಿಗೂ ಹಂಗೇ ಅಂದಿದ್ರಿ," ವಿಶಾಲಾಕ್ಷಿ ತಲೆಯೆತ್ತಲಿಲ್ಲ. "ಎದೆ ಪೂರ್ತಿ ಸುಟ್ಟಿದೆ ಅಂದ್ರು ಡಾಕ್ಟ್ರು."

*

ಹೋದ ಶಿವರಾತ್ರಿ, ಕೊಟ್ಟಿಗೆಹಾರದ ಭಜನಾ ಸ್ಪರ್ಧೆಯ ವೇದಿಕೆ. ಕೊನೆಯ ಚರಣಕ್ಕೆ ಮುಂಚೆ ರುದ್ರಪ್ಪ ಕೆಮ್ಮಿ ಟವೆಲಿಗೆ ಉಗಿದ. ಟವೆಲು ಕೆಂಪಾಯಿತು.

"ಎರಡು ಸಾಲು ತಡ್ಕೊ ಮಾರಾಯ, ಪ್ರೈಜು ನಮ್ದೇ," ಎಂದು ಸಾಹುಕಾರರು ಬೆನ್ನು ತಟ್ಟಿದರು.

ರುದ್ರಪ್ಪ ರಕ್ತದ ಕಲೆಯನ್ನು ಒಳಕ್ಕೆ ಮಡಚಿ ಹಾಡಿದ. ದನಿ ಏರಿತು, ಏರಿದಲ್ಲೇ ನಿಂತಿತು. ಜನ ಚಪ್ಪಾಳೆ ಮರೆತರು. ಟ್ರೋಫಿ ಬಂಗಲೆಯ ಶೋಕೇಸಿಗೆ ಹೋಯಿತು. ಮಾರನೆಯ ಬೆಳಿಗ್ಗೆ ಔಷಧಿಯ ಕ್ಯಾನು ಅವನ ಬೆನ್ನಿಗೇರಿತು. ಬಾಯಿಗೆ ಕಟ್ಟಿಕೊಳ್ಳಲು ಅದೇ ಟವೆಲು.

*

ಮೆರವಣಿಗೆ ಎಸ್ಟೇಟಿನ ಗೇಟು ದಾಟಿ ಸ್ಮಶಾನದ ಏರು ಹಿಡಿಯಿತು. ಮೇಳ ಕೊನೆಯ ಚರಣ ಮುಟ್ಟಿತು. ಶಂಕರ ಬಾಯಿ ತೆರೆಯಲಿಲ್ಲ.

"ಎತ್ತೋ," ಎಂದರು ಸಾಹುಕಾರರು.

"ಉಸಿರು ಬೇಕಲ್ಲ ಸಾಹುಕಾರ್ರೆ."

"ಮೋಹಿತ್, ನೀನಾದ್ರೂ?"

"ನನ್ ಬೆನ್ನಿಗೂ ಅದೇ ಕ್ಯಾನು."

ಸಾಹುಕಾರರೇ ಸಾಲು ಎತ್ತಿದರು. ದನಿ ಅರ್ಧಕ್ಕೇ ಒಡೆಯಿತು. ಮೇಳ ಅದನ್ನು ಹಿಡಿದು ಮುಂದುವರಿಸಬೇಕಾದ ಜಾಗ ಬಂತು. ಯಾರೂ ಹಿಡಿಯಲಿಲ್ಲ. ಅವರು ಇನ್ನೊಮ್ಮೆ ಎತ್ತಿದರು.

ಶವ ಹೊತ್ತವರು ಅವರನ್ನು ಬಳಸಿ ಮೇಲಕ್ಕೆ ನಡೆದರು. ಇಬ್ಬದಿಯ ಕಾಫಿ ಗಿಡಗಳ ನಡುವೆ, ಕುತ್ತಿಗೆಯ ನರ ಉಬ್ಬಿಸಿಕೊಂಡು ಸಾಹುಕಾರರು ಒಬ್ಬರೇ ಹಾಡುತ್ತ ನಿಂತಿದ್ದರು. ಮೇಳದ ಗಂಡಸರು ತಾಳಗಳನ್ನು ಜೇಬಿಗೆ ಇಳಿಸಿ, ಒಬ್ಬೊಬ್ಬರಾಗಿ, ಅವರ ಪಕ್ಕದಿಂದ ಹಾದು ಹೋದರು.