ಪೋಸ್ಟರಿನ ಎದೆ

ಮೂರನೆಯ ಸಿಗರೇಟಿಗೆ ಕಡ್ಡಿ ಗೀರುವಷ್ಟರಲ್ಲಿ ಬಾಗಿಲಲ್ಲಿ ಹೆಂಗಸಿನ ದನಿ.

"ಗೋಡೆ ಮೇಲಿರೋ ಪೋಸ್ಟರ್ ಓದ್ಲಿಲ್ವಾ? ಒಳಗೆ ಸೇದೋ ಹಾಗಿಲ್ಲ."

ಇಲಾಖೆಯ ಅತಿಥಿಗೃಹ ನೋಡಿಕೊಳ್ಳುವವಳು. ಓದುವುದೇನು, ಬರೆದದ್ದೇ ಅವನು. 'ನಿಮ್ಮ ಉಸಿರು ನಿಮ್ಮೊಬ್ಬರದೇ ಅಲ್ಲ.' ಆರೋಗ್ಯ ಇಲಾಖೆಯಲ್ಲಿ ಹನ್ನೊಂದು ವರ್ಷ ಎಚ್ಚರಿಕೆಯ ಮಾತು ಹೊಸೆದವನ ಬರಹದಲ್ಲಿ ಜನರಿಗೆ ಬಾಯಿಪಾಠವಾದ ಸಾಲು ಅದೊಂದೇ. ಹೇಳಿಕೊಳ್ಳಲು ನಾಚಿಕೆಯಾಗಿ ಕಡ್ಡಿಯನ್ನು ಊದಿ ಆರಿಸಿದ.

ಪೋಸ್ಟರಿನಲ್ಲಿ ಆ ಸಾಲಿನ ಮೇಲಿದ್ದ ಎದೆಯ ಎಕ್ಸ್‌ರೇ ಕೂಡ ಅವನದೇ. ಆಗ ಯಾವ ರೋಗಿಯೂ ತನ್ನ ಎದೆಯನ್ನು ಊರಿಗೆಲ್ಲ ತೋರಿಸಲು ಸಹಿ ಹಾಕಿರಲಿಲ್ಲ, ಮುದ್ರಣಕ್ಕೆ ಒಂದೇ ದಿನ ಉಳಿದಿತ್ತು. ಕೆಲಸಕ್ಕೆ ಸೇರುವಾಗ ತೆಗೆಸಿದ್ದನ್ನು ಕೊಟ್ಟುಬಿಟ್ಟಿದ್ದ. ಸಿಗರೇಟು ಮುಟ್ಟದವನ ಸ್ವಚ್ಛ ಎದೆ. ಕಚೇರಿಯ ಕಲಾವಿದ ಬಲಗಡೆ ಲಿಂಬೆಹಣ್ಣಿನಷ್ಟು ಬಿಳಿ ಮಚ್ಚೆ ಬರೆದು, "ಈಗ ಹೆದರ್ತಾರೆ ನೋಡು" ಎಂದಿದ್ದ. ಇಬ್ಬರೂ ನಕ್ಕಿದ್ದರು. ಎಚ್ಚರಿಕೆ ಬರೆಯುತ್ತ ಬರೆಯುತ್ತಲೇ ಅವನಿಗೆ ಸೇದುವ ಚಟ ಹತ್ತಿತು.

ಕಾದಂಬರಿ ಮುಗಿಸಲು ಹತ್ತು ದಿನ ರಜೆ ಹಾಕಿ ಬಂದಿದ್ದ. ಹೆಂಡತಿಗೆ ಹೇಳಿದ್ದೂ ಅಷ್ಟೇ. ಚೀಲದಲ್ಲಿ, ಹಾಳೆಗಳ ಕೆಳಗೆ ಆಸ್ಪತ್ರೆಯ ಲಕೋಟೆ ಇರುವುದನ್ನು ಹೇಳಿರಲಿಲ್ಲ. ಅದನ್ನು ತೆರೆಯುವ ಮೊದಲು ಒಂದು ಪುಸ್ತಕವಾದರೂ ಮುಗಿಯಲಿ ಎಂಬ ಆಸೆ. ಇವತ್ತಿಗೆ ಆರು ದಿನ; ಮೊದಲ ಪುಟವೇ ಖಾಲಿ. ಸೇದದಿದ್ದರೆ ಅಕ್ಷರ ಮೂಡದು, ಸೇದಿದರೆ ಕೆಮ್ಮು ಬಿಡದು.

ಹೆಂಡತಿಯ ಫೋನ್ ಬಂತು.

"ಎಷ್ಟಾಯ್ತು?"

"ಆಗ್ತಿದೆ."

"ಕೆಮ್ಮು?"

"ಇಲ್ಲಿ ಗಾಳಿ ಚೆನ್ನಾಗಿದೆ."

"ನಾನು ಕೇಳಿದ್ದು ಕೆಮ್ಮಿನ ವಿಷಯ."

"ಬರೀತಾ ಇದೀನಿ. ಆಮೇಲೆ ಫೋನ್ ಮಾಡ್ತೀನಿ."

ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಲಕೋಟೆ ಹರಿದ. ವರದಿ ಓದದೆ ಫಿಲ್ಮನ್ನು ಮೇಜಿನೆದುರಿನ ಪುಟ್ಟ ಕಿಟಕಿಗೆ ಹಿಡಿದ. ಬಲಗಡೆ, ಕಲಾವಿದ ಬರೆದ ಜಾಗದಲ್ಲೇ, ಬಿಳಿ ಮಚ್ಚೆ. ಅದಕ್ಕಿಂತ ಸ್ವಲ್ಪ ಚಿಕ್ಕದು. ಅವನಿಗೆ ಹೆದರಿಕೆಯಾಯಿತು, ಪೋಸ್ಟರಿಗೆ ಯಾರೂ ಹೆದರಿರಲಾರದಷ್ಟು.

ಕಾಫಿ ತಂದವಳು ಗೋಡೆಯನ್ನೂ ಕಿಟಕಿಯನ್ನೂ ನೋಡಿದಳು.

"ಹೊಸ ಪೋಸ್ಟರಾ?"

"ಹೂಂ."

"ಏನೂ ಬರ್ದೇ ಇಲ್ವಲ್ಲ."

"ಇನ್ನೂ ಹೊಳೆದಿಲ್ಲ."

"ಕೈ ನೋಯುತ್ತೆ, ಕೊಡಿ. ಅಂಟಿಸಿಕೊಂಡು ಯೋಚನೆ ಮಾಡಿ."

ಫಿಲ್ಮಿನ ನಾಲ್ಕೂ ಮೂಲೆಗಳನ್ನು ಕಿಟಕಿಯ ಗಾಜಿಗೆ ಅಂಟಿಸಿ ಹೋದಳು. ಅವನು ಪೆನ್ನು ಹಿಡಿದು ಕುಳಿತ. ಕೋಣೆಗೆ ಇದ್ದದ್ದು ಅದೊಂದೇ ಕಿಟಕಿ. ಫಿಲ್ಮಿನ ನಸುಗತ್ತಲು ಮೇಜಿಗೆಲ್ಲ ಹರಡಿತ್ತು. ಬಿಳಿ ಮಚ್ಚೆಯಿಂದ ತೂರಿದ ಬಿಸಿಲು ಮಾತ್ರ ಖಾಲಿ ಪುಟದ ಮೇಲೆ ದುಂಡಗೆ ಬಿದ್ದಿತ್ತು.